ಆದವಾನಿ ಸೀಮೆ: ಗುಳೆಯಿಂದ ವೀಸಾದವರೆಗೆ

ಬಳ್ಳಾರಿಯಿಂದ ಪೂರ್ವಾಭಿಮುಖವಾಗಿ ಹೊರಟ ಪ್ರಯಾಣಿಕನು ಹಗರಿ ಹೊಳೆಯನ್ನು ದಾಟಿ ಕೆಲವು ಮೈಲಿ ಸಾಗುವಷ್ಟರಲ್ಲಿ ಆಂಧ್ರಪ್ರದೇಶವನ್ನು ಪ್ರವೇಶಿಸಿರುತ್ತಾನೆ. ಆದರೆ ರಸ್ತೆಯ ಫಲಕಗಳ ಲಿಪಿಯೊಂದನ್ನು ಬಿಟ್ಟರೆ, ಬೇರೆ ನಾಡಿಗೆ ಬಂದೆನೆಂಬ ಭಾವನೆ ಅವನಲ್ಲಿ ಮೂಡಲು ಕಾರಣವಿಲ್ಲ. ಅದೇ ಎರೆಮಣ್ಣು, ಅದೇ ಹತ್ತಿಯ ಹೊಲ, ಅದೇ ಜೋಳದ ರೊಟ್ಟಿ. ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಕಿವಿಗೆ ಬೀಳುವ ನುಡಿಯೂ ಬಹುಮಟ್ಟಿಗೆ ಅದೇ. ಆಲೂರನ್ನು ಹಾದು ಮುಂದೆ ಹೋದರೆ ಬಯಲಿನ ನಡುವೆ ಬಂಡೆಗಳನ್ನು ಒಟ್ಟಿದಂತೆ ಬೆಟ್ಟಗಳ ಸಾಲು ಕಾಣಿಸುತ್ತದೆ. ಅದರ ಬುಡದಲ್ಲಿರುವುದೇ ಆದೋನಿ. ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಆದವಾನಿ.

1953ರ ಅಕ್ಟೋಬರ್ 1ರವರೆಗೆ ಇದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯದ ಉದಯದೊಂದಿಗೆ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು; ಉಳಿದ ಬಳ್ಳಾರಿ ಮೈಸೂರಿಗೆ ಬಂದಿತು. ಆದೋನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಾಲಾದವು. ಹೀಗೆ ಮನೆಬಿಟ್ಟು ಒಂದು ಹೆಜ್ಜೆಯನ್ನೂ ಇಡದೆ ಸಾವಿರಾರು ಕುಟುಂಬಗಳು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವು. ಊರು ಬಿಟ್ಟು ಹೊರಗೆ ಹೋಗುವ ಮಾತಾದರೋ ಈ ಸೀಮೆಗೆ ಅದಕ್ಕಿಂತಲೂ ಹಳೆಯದು.

ಇಲ್ಲಿಯ ಕೋಟೆಕೊತ್ತಲಗಳನ್ನೂ ಮಠಮಂದಿರಗಳನ್ನೂ ಕುರಿತು ಬರೆದವರು ಅನೇಕರಿದ್ದಾರೆ. ಇಲ್ಲಿಂದ ಜನ ಹೊಟ್ಟೆಪಾಡಿಗಾಗಿ ಹೊರಟುಹೋಗುವ ಹಾದಿಗಳತ್ತ ಕಣ್ಣು ಹಾಯಿಸಿದವರು ಕಡಿಮೆ. ಈಗ ಆ ಹಾದಿಗಳ ಸಾಲಿಗೆ ಹೊಸದೊಂದು ಸೇರಿದೆ: ಐ.ಟಿ.ಐ. ಮುಗಿಸಿದ ನಮ್ಮ ಹುಡುಗರು ಪರದೇಶದ ಕಾರ್ಖಾನೆಗಳಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಕೆಲಸ ಹುಡುಕುತ್ತಿದ್ದಾರೆ. ಊರೂರಿನ ಕಟ್ಟೆಗಳ ಮೇಲೆ ‘ವೀಸಾ’ ಎಂಬ ಮಾತು ಬಳಕೆಗೆ ಬಂದಿದೆ. ಆ ಮಾತಿನ ಅರ್ಥವೇನು, ಅದರ ಬೆಲೆಯೇನು ಎಂಬುದನ್ನು ಈ ಸೀಮೆಯನ್ನು ಸುತ್ತುತ್ತಲೇ ವಿಚಾರಿಸೋಣ.

ಆದವಾನಿಯ ಬೆಟ್ಟದ ಕೋಟೆ ವಿಜಯನಗರದ ಅರಸರ ಬಲವಾದ ನೆಲೆಗಳಲ್ಲೊಂದು. 1565ರ ತಾಳಿಕೋಟೆ ಯುದ್ಧದ ತರುವಾಯ ಅದು ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಆಡಳಿತ ನಡೆಸಿದ ಸಿದ್ದಿ ಮಸೂದ್ ಖಾನನ ಹೆಸರು ಪಟ್ಟಣದ ದೊಡ್ಡ ಜಾಮಿಯಾ ಮಸೀದಿಯೊಂದಿಗೆ ಇಂದಿಗೂ ಬೆಸೆದುಕೊಂಡಿದೆ. ಸಿದ್ದಿಗಳು ಆಫ್ರಿಕ ಖಂಡದ ಮೂಲದವರು. ಸಮುದ್ರ ದಾಟಿ ಬಂದು ದಖ್ಖನದ ಸುಲ್ತಾನರಲ್ಲಿ ಸೇವೆಗೆ ನಿಂತು ಸೇನಾನಿಗಳೂ ಸುಬೇದಾರರೂ ಆದ ಪಂಗಡ. ಪರದೇಶದ ದುಡಿಮೆ ಈ ಊರಿಗೆ ಹೊಸ ಸಂಗತಿಯೇನಲ್ಲ; ಆಗ ಹೊರಗಿನವರು ಇಲ್ಲಿಗೆ ಬಂದರು, ಈಗ ಇಲ್ಲಿಯವರು ಹೊರಗೆ ಹೋಗುತ್ತಾರೆ, ಅಷ್ಟೆ.

ಕೋಟೆಯಿಂದ ಇಳಿದು ಪೇಟೆಗೆ ಬಂದರೆ ಹತ್ತಿಯ ಸಾಮ್ರಾಜ್ಯ. 1871ರಲ್ಲಿ ಮದ್ರಾಸಿನ ಕಡೆಯ ರೈಲುಹಾದಿಯೂ ಮುಂಬಯಿಯ ಕಡೆಯ ರೈಲುಹಾದಿಯೂ ರಾಯಚೂರಿನಲ್ಲಿ ಕೂಡಿದವು. ಆ ಹಾದಿಯ ಮೇಲಿದ್ದ ಆದೋನಿ ದೊಡ್ಡ ವ್ಯಾಪಾರ ಕೇಂದ್ರವಾಗಿ ಬೆಳೆಯಿತು. ‘ಎರಡನೆಯ ಮುಂಬಯಿ’ ಎಂದು ಕರೆಸಿಕೊಂಡಿತು. ಇಂದಿಗೂ ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಅಂಗಳ ಹತ್ತಿಯ ಅಂಡಿಗೆಗಳಿಂದ ತುಂಬಿಹೋಗುತ್ತದೆ. ಜಿನ್ನಿಂಗ್ ಗಿರಣಿಗಳ ಒಳಹೊಕ್ಕರೆ ಗಾಳಿಯಲ್ಲೆಲ್ಲ ನವಿರಾದ ಎಳೆಗಳು ತೇಲುತ್ತಿರುತ್ತವೆ. ಚರ್ಮದ ಉರುಳೆಯು ಅರಳೆಯನ್ನು ಹಿಡಿದೆಳೆಯುತ್ತದೆ. ನಿಂತ ಚೂರಿ ಬೀಜವನ್ನು ತಡೆಯುತ್ತದೆ. ಆಡುವ ಚೂರಿ ಅದನ್ನು ಬಡಿದು ಕೆಡವುತ್ತದೆ. ಉರುಳೆಗೂ ಚೂರಿಗೂ ನಡುವಣ ಹೊಂದಾಣಿಕೆ ತುಸು ತಪ್ಪಿದರೂ ಬೀಜ ಒಡೆಯುತ್ತದೆ, ಎಳೆ ಕೆಡುತ್ತದೆ. ಅದನ್ನು ಸರಿಯಾಗಿ ಕೂರಿಸುವವನೇ ಜಿನ್ ಫಿಟ್ಟರ್.

ಅಂತಹ ಹಳೆಯ ಮೇಸ್ತ್ರಿಯೊಬ್ಬರನ್ನು ಗಿರಣಿಯ ಬಾಗಿಲಲ್ಲಿ ಮಾತನಾಡಿಸಿದೆ. ಯಂತ್ರದ ಸಪ್ಪಳವನ್ನು ಕೇಳಿಯೇ ಯಾವ ಉರುಳೆ ಸವೆದಿದೆಯೆಂದು ಹೇಳಬಲ್ಲವರು ಅವರು. “ಮೇಸ್ತ್ರಿಗಳೇ, ಈ ವಿದ್ಯೆಗೆ ಸರ್ಟಿಫಿಕೇಟು ಇದೆಯೆ?” ಎಂದೆ. ಅವರು ನಕ್ಕರು. “ನನಗೆ ಕಿವಿ ಐತಿ ಸ್ವಾಮಿ, ಕಾಗದ ಇಲ್ಲ. ನನ್ನ ಮೊಮ್ಮಗಗೆ ಕಾಗದ ಐತಿ, ಕಿವಿ ಇನ್ನೂ ಬಂದಿಲ್ಲ. ಅವ ದುಬೈಗೆ ಹೋಗ್ತೀನಂತಾನ” ಎಂದರು. ಪರದೇಶದ ಉದ್ಯೋಗದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ತೂಕವಾದುದು ಇನ್ನೊಂದಿಲ್ಲ. ಹೊರದೇಶದ ಮಾಲೀಕನು ಕಾಗದವನ್ನು ನೋಡಿ ಕರೆಯುತ್ತಾನೆ, ಕೈಯನ್ನು ನೋಡಿ ಉಳಿಸಿಕೊಳ್ಳುತ್ತಾನೆ. ಎರಡರಲ್ಲಿ ಒಂದಿಲ್ಲದಿದ್ದರೂ ಹೋದವನು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಆದೋನಿಯಿಂದ ರಾಯಚೂರಿನ ಕಡೆಗೆ ರೈಲಿನಲ್ಲಿ ಹೊರಟರೆ ಕೋಸಿಗಿ ಸಿಗುತ್ತದೆ. ಅಲ್ಲಿಂದ ಒಳನಾಡಿಗೆ ಕೌತಾಳ, ಪೆದ್ದಕಡಬೂರು, ಹೊಳಗುಂದ. ಶ್ರಾವಣ ಮಾಸದಲ್ಲಿ ಉರುಕುಂದ ಈರಣ್ಣನ ದರ್ಶನಕ್ಕೆ ಎರಡೂ ರಾಜ್ಯಗಳ ಜನ ನೆರೆಯುವ ಈ ಹಳ್ಳಿಗಳು, ಸಂಕ್ರಾಂತಿಯ ಆಸುಪಾಸಿಗೆ ಬಂದರೆ ಅರ್ಧ ಬರಿದಾಗಿರುತ್ತವೆ. ಮನೆಯ ಬಾಗಿಲಿಗೆ ಬೀಗ. ಅಂಗಳದಲ್ಲಿ ಮುದುಕರು, ಒಂದೆರಡು ಮೇಕೆ. ಉಳಿದವರೆಲ್ಲ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗಿರುತ್ತಾರೆ. ನಮ್ಮಲ್ಲಿ ಇದಕ್ಕೆ ‘ಗುಳೆ’ ಎನ್ನುತ್ತೇವೆ. ಮಳೆ ಕಡಿಮೆ, ನೀರಾವರಿ ಅಲ್ಲಲ್ಲಿ ಮಾತ್ರ. ಸ್ವಂತ ಹೊಲದ ಫಸಲು ಕೈಗೆ ಬಂದರೂ ಬಾರದಿದ್ದರೂ ಬೇಸಗೆಯನ್ನು ದಾಟಿಸುವಷ್ಟು ಕಾಳು ಮನೆಯಲ್ಲಿ ನಿಲ್ಲುವುದಿಲ್ಲ. ಮಕ್ಕಳೂ ತಂದೆತಾಯಿಯರ ಹಿಂದೆ ಹೊರಡುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ. ಅಂತಹ ಮಕ್ಕಳಿಗಾಗಿ ಸರಕಾರವು ಋತುಮಾನದ ವಸತಿಗೃಹಗಳನ್ನು ತೆರೆಯುತ್ತ ಬಂದಿದೆಯಾದರೂ ಗುಳೆಯ ಲಾರಿಯನ್ನು ಹತ್ತುವ ಪುಟ್ಟ ಕಾಲುಗಳು ಇನ್ನೂ ನಿಂತಿಲ್ಲ.

ಗುಳೆ ಹೋಗುವವನಿಗೆ ಹೆಸರಿಲ್ಲ. ಗುಂಪಿನ ಮುಂದಾಳಿನ ಲೆಕ್ಕದಲ್ಲಿ ಅವನೊಂದು ತಲೆ. ಬಿಡಿಸಿದ ಕಾಯಿಯ ತೂಕಕ್ಕೆ ಕೂಲಿ. ಕೆಲಸ ಮುಗಿದ ಮೇಲೆ ಅವನು ಎಲ್ಲಿ ದುಡಿದನೆಂಬುದಕ್ಕೆ ದಾಖಲೆಯೇ ಇಲ್ಲ. ಉದ್ಯೋಗ ವೀಸಾದ ಮೇಲೆ ಹೋಗುವವನ ಸಂಗತಿ ಇದಕ್ಕೆ ಸಂಪೂರ್ಣ ವಿರುದ್ಧ. ಅವನ ಹೆಸರು, ಕಸುಬು, ಸಂಬಳ, ಮಾಲೀಕ ಎಲ್ಲವೂ ಹೊರಡುವ ಮೊದಲೇ ಬರಹದಲ್ಲಿರಬೇಕು. ಹೀಗಿದ್ದೂ ನಮ್ಮ ಎಷ್ಟೋ ಹುಡುಗರು ವಿಮಾನವನ್ನೂ ಗುಳೆಯ ಲಾರಿಯಂತೆಯೇ ಹತ್ತಿಬಿಡುತ್ತಾರೆ. ಮುಂದಾಳು ಹೇಳಿದ, ನಾವು ಹೊರಟೆವು. ಕೋಸಿಗಿಯ ನಿಲ್ದಾಣದಲ್ಲಿ ಒಬ್ಬ ತಾಯಿ ಕೇಳಿದಳು: “ಯಣ್ಣಾ, ಆ ದೇಶ ಗುಂಟೂರಿಗಿಂತ ಎಷ್ಟು ದೂರ ಐತಿ?” ಮೈಲಿಗಳ ಲೆಕ್ಕವನ್ನು ಹೇಳುವುದು ಸುಲಭ. ಗುಂಟೂರಿನಲ್ಲಿ ಕೂಲಿ ಕೊಡದಿದ್ದರೆ ರಾತ್ರಿಯ ರೈಲು ಹತ್ತಿ ಬರಬಹುದು, ಅಲ್ಲಿಂದ ಹಾಗೆ ಬರಲಾಗದು ಎಂಬ ದೂರವನ್ನು ಅವಳಿಗೆ ತಿಳಿಸುವುದು ಕಷ್ಟ.

ಹಾಗಾದರೆ ವೀಸಾ ಕೊಡುವವರು ಯಾರು? ಉದ್ಯೋಗ ವೀಸಾದಲ್ಲಿ ಹೊರದೇಶದ ಮಾಲೀಕನು ತನ್ನ ಸರಕಾರದ ಮುಂದೆ ‘ಈ ಮನುಷ್ಯನು ನನಗೆ ಬೇಕು, ಇವನ ಹೊಣೆ ನನ್ನದು’ ಎಂದು ಬರೆದುಕೊಡುತ್ತಾನೆ. ಇದನ್ನೇ ಸ್ಪಾನ್ಸರ್ ಮಾಡುವುದೆನ್ನುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ಅಂತಹ ಹೊಣೆಗಾರನಿಗೆ ‘ಕಫೀಲ್’ ಎಂದು ಹೆಸರು. ಹಿಂದೆ ಅವನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವುದೂ ದೇಶ ಬಿಡುವುದೂ ಬಹಳ ಕಡೆ ಸಾಧ್ಯವಿರಲಿಲ್ಲ. ಕತಾರ್ 2020ರಲ್ಲಿ ಈ ಕಟ್ಟುಗಳನ್ನು ಬಹುಮಟ್ಟಿಗೆ ಬಿಚ್ಚಿತು. 2021ರ ಮಾರ್ಚಿಯಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನೂ ಗೊತ್ತುಮಾಡಿತು. ಸೌದಿ ಅರೇಬಿಯವೂ 2021ರಲ್ಲಿ ಕೆಲವು ಸಡಿಲಿಕೆಗಳನ್ನು ತಂದಿತು. ಆದರೂ ಮೂಲತತ್ತ್ವ ಒಂದೇ: ಯಾರ ಹೆಸರಿನಲ್ಲಿ ವೀಸಾ ಇದೆಯೋ ಅವನಲ್ಲಿಯೇ ಕೆಲಸ. ನಮ್ಮ ಕಡೆ ‘ಆಜಾದ್ ವೀಸಾ’, ‘ಫ್ರೀ ವೀಸಾ’ ಎಂಬ ಮಾತು ಕೇಳಿಬರುತ್ತದೆ. ಒಬ್ಬನ ಹೆಸರಿನ ವೀಸಾದಲ್ಲಿ ಹೋಗಿ ಬೇಕಾದಲ್ಲಿ ದುಡಿಯಬಹುದು ಎಂಬುದು ಅದರ ಅರ್ಥವಂತೆ. ಅಂತಹ ಸ್ವಾತಂತ್ರ್ಯವನ್ನು ಅಲ್ಲಿಯ ಕಾನೂನು ಕೊಡುವುದಿಲ್ಲ. ಸಿಕ್ಕಿಬಿದ್ದರೆ ಸೆರೆ, ದಂಡ, ಗಡೀಪಾರು. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತಾರೆ’ ಎಂಬ ಮಾತೂ ಇದೇ ಜಾತಿಯದು.

ನಮ್ಮ ದೇಶದ ಕಾನೂನಿನ ಮಾತನ್ನೂ ಸ್ವಲ್ಪ ತಿಳಿಯಬೇಕು. 1922ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 1983ರ ವಲಸೆ ಕಾಯಿದೆಯು, ಹೊರದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಪ್ರತಿಯೊಬ್ಬ ಏಜೆಂಟನೂ ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತು. ನೋಂದಾಯಿತ ಏಜೆಂಟರ ಪಟ್ಟಿಯು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇದೆ. ‘ನಾನು ಹೈದರಾಬಾದಿನ ದೊಡ್ಡ ಆಫೀಸಿನ ಮನುಷ್ಯ’ ಎಂದು ಊರಿಗೆ ಬರುವ ಉಪಏಜೆಂಟನಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಹತ್ತನೆಯ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿನಲ್ಲಿ ‘ಇ.ಸಿ.ಆರ್.’ ಎಂಬ ಗುರುತು ಬೀಳುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಮಲೇಷ್ಯವೂ ಸೇರಿದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆ ಕಚೇರಿಗಳಲ್ಲೊಂದು ಹೈದರಾಬಾದಿನಲ್ಲಿದೆ. ಇದನ್ನು ಅಡ್ಡಿಯೆಂದು ತಿಳಿಯುವವರೇ ಹೆಚ್ಚು; ವಾಸ್ತವವಾಗಿ ಅದು ರಕ್ಷೆ. ಕರಾರು ದಾಖಲಾಗುವುದೂ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಗಳ ವಿಮೆ ಕಡ್ಡಾಯವಾಗುವುದೂ ಈ ಅನುಮತಿಯ ಮೂಲಕವೇ. ಎರಡು ವರ್ಷಕ್ಕೆ ಆ ವಿಮೆಯ ಕಂತು 275 ರೂಪಾಯಿ. ಸಂತೆಯ ದಿನದ ಖರ್ಚಿಗಿಂತ ಕಡಿಮೆ.

ಹಣದ ವಿಷಯದಲ್ಲಿಯೇ ನಮ್ಮವರು ಹೆಚ್ಚು ಮೋಸಹೋಗುತ್ತಾರೆ. ನೋಂದಾಯಿತ ಏಜೆಂಟನು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಎಂಬ ಮಿತಿಯಿದೆ, ಅದಕ್ಕೂ ರಸೀದಿ ಕೊಡಲೇಬೇಕು. ಸೌದಿ ಅರೇಬಿಯದ ಕಾರ್ಮಿಕ ಕಾನೂನು ಕರೆತರುವ ವೆಚ್ಚ, ವಾಸದ ಪರವಾನಗಿ, ಕೆಲಸದ ಪರವಾನಗಿ ಇವೆಲ್ಲವನ್ನೂ ಮಾಲೀಕನ ತಲೆಗೇ ಕಟ್ಟಿದೆ. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾನೂನೂ ಇಂತಹ ವೆಚ್ಚವನ್ನು ಕೆಲಸಗಾರನಿಂದ ವಸೂಲು ಮಾಡಬಾರದೆನ್ನುತ್ತದೆ. ಹೀಗಿರುವಾಗ ‘ವೀಸಾಕ್ಕೆ ಒಂದೂವರೆ ಲಕ್ಷ’ ಎಂದು ಕೇಳುವವನು ಮಾರುತ್ತಿರುವುದು ತನ್ನದಲ್ಲದ ವಸ್ತುವನ್ನು. ಎಕರೆ ಎರೆಭೂಮಿಯನ್ನು ಅಡವಿಟ್ಟು ನೂರಕ್ಕೆ ಮೂರರ ಬಡ್ಡಿಗೆ ತಂದ ಹಣದಲ್ಲಿ ವೀಸಾ ಕೊಂಡವನು ಮೊದಲ ವರ್ಷವೆಲ್ಲ ಸಾಹುಕಾರನಿಗಾಗಿ ದುಡಿಯುತ್ತಾನೆ. ಅಲ್ಲಿ ಅನ್ಯಾಯವಾದರೂ ಸಾಲದ ಭಯದಿಂದ ಬಾಯಿ ಬಿಡಲಾರ.

ಈ ಸಾಹುಕಾರನ ಮಾತು ಬಂದುದರಿಂದ ಎಮ್ಮಿಗನೂರಿಗೆ ಹೋಗಿಬರುವುದು ಯುಕ್ತ. ಆದೋನಿಯಿಂದ ಸುಮಾರು ಮೂವತ್ತು ಕಿಲೋಮೀಟರು ದೂರದ ಈ ಊರು ಕೈಮಗ್ಗಕ್ಕೆ ಹೆಸರಾದುದು. ನೂಲು ಕೊಡುವವನೂ ಬಟ್ಟೆ ಕೊಳ್ಳುವವನೂ ಒಬ್ಬನೇ ಆದಾಗ ನೇಕಾರನ ಗತಿಯೇನಾಗುವುದೆಂಬುದನ್ನು ಕಂಡ ಮಾಚಾನಿ ಸೋಮಪ್ಪನವರು 1938ರಲ್ಲಿ ಇಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದರು. ಮಧ್ಯವರ್ತಿಯ ಸ್ಥಾನದಲ್ಲಿ ಲೆಕ್ಕಪತ್ರವುಳ್ಳ ಸಂಸ್ಥೆಯೊಂದನ್ನು ನಿಲ್ಲಿಸಿದುದೇ ಅವರ ದೊಡ್ಡ ಕೆಲಸ. ಪರದೇಶದ ಉದ್ಯೋಗಕ್ಕೂ ಇದೇ ಪಾಠ ಸಲ್ಲುತ್ತದೆ. ಆಂಧ್ರಪ್ರದೇಶ ಸರಕಾರಕ್ಕೆ ಸೇರಿದ ‘ಓಂಕ್ಯಾಪ್’ ಎಂಬ ಹೊರದೇಶ ಉದ್ಯೋಗ ಸಂಸ್ಥೆಯಿದೆ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿಯಲ್ಲಿ ‘ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್’ ಇದೆ. ಕೇಂದ್ರದ ಮಟ್ಟದಲ್ಲಿ ‘ಎನ್.ಎಸ್.ಡಿ.ಸಿ. ಇಂಟರ್‌ನ್ಯಾಷನಲ್’ ಕೆಲಸ ಮಾಡುತ್ತಿದೆ. ದಲ್ಲಾಳಿಯ ಮನೆಗೆ ಹೋಗುವ ಮೊದಲು ಇವುಗಳ ಬಾಗಿಲನ್ನು ತಟ್ಟುವುದು ಲೇಸು.

ಕೊಲ್ಲಿ ರಾಷ್ಟ್ರಗಳಾಚೆಗೂ ಕೆಲವು ಬಾಗಿಲುಗಳು ತೆರೆದಿವೆ. ಮುದುಕರ ಸಂಖ್ಯೆ ಹೆಚ್ಚುತ್ತಿರುವ ಜಪಾನು 2019ರ ಏಪ್ರಿಲಿನಿಂದ ‘ನಿರ್ದಿಷ್ಟ ಕೌಶಲ್ಯದ ಕೆಲಸಗಾರ’ ಎಂಬ ಹೊಸ ವೀಸಾವನ್ನು ತೆರೆಯಿತು. ಯಂತ್ರಭಾಗಗಳ ತಯಾರಿಕೆಯೂ ಅದರ ವ್ಯಾಪ್ತಿಗೆ ಸೇರಿದೆ. ಈ ಕುರಿತು ಭಾರತಕ್ಕೂ ಜಪಾನಿಗೂ 2021ರ ಜನವರಿಯಲ್ಲಿ ಒಪ್ಪಂದವಾಯಿತು. ಕಸುಬಿನ ಪರೀಕ್ಷೆಯೊಂದಿಗೆ ಜಪಾನಿ ಭಾಷೆಯ ಆರಂಭದ ಹಂತದ ಪರೀಕ್ಷೆಯನ್ನೂ ದಾಟಬೇಕು. ಮೊದಲ ದರ್ಜೆಯ ವೀಸಾದಲ್ಲಿ ಐದು ವರ್ಷಗಳವರೆಗೆ ದುಡಿಯಬಹುದಾದರೂ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಜರ್ಮನಿಯು 2020ರ ಮಾರ್ಚಿಯಲ್ಲಿ ಕುಶಲ ಕೆಲಸಗಾರರ ವಲಸೆಗೆ ಹೊಸ ಕಾನೂನನ್ನು ಜಾರಿಗೆ ತಂದು, ಬಳಿಕ ಅದನ್ನು ಇನ್ನಷ್ಟು ಸಡಿಲಿಸಿತು. 2022ರ ಡಿಸೆಂಬರಿನಲ್ಲಿ ಭಾರತದೊಡನೆ ವಲಸೆಯ ಒಪ್ಪಂದಕ್ಕೆ ಸಹಿ ಹಾಕಿತು. ಭಾರತದ ಕುಶಲಕರ್ಮಿಗಳಿಗೆ ವರ್ಷಕ್ಕೆ 20,000ದಷ್ಟಿದ್ದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರಿನಲ್ಲಿ ಸಾರಿತು. ಕನ್ನಡ, ತೆಲುಗು, ಉರ್ದು ಮೂರನ್ನೂ ಬಾಲ್ಯದಿಂದಲೇ ಬಾಯಲ್ಲಿ ಆಡಿಸುವ ಆದವಾನಿಯ ಹುಡುಗನಿಗೆ ನಾಲ್ಕನೆಯ ನುಡಿ ಅಸಾಧ್ಯವಾಗಲಾರದು. ಆದರೆ ಅದಕ್ಕೆ ಒಂದು ವರ್ಷದ ತಾಳ್ಮೆ ಬೇಕು.

ಅಮೆರಿಕ, ಇಂಗ್ಲೆಂಡುಗಳ ಹೆಸರು ಹೇಳಿ ಹಣ ಕೇಳುವವರ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಮೆರಿಕದ ಎಚ್-1ಬಿ ವೀಸಾ ಪದವಿಯನ್ನು ಬೇಡುವ ವೃತ್ತಿಗಳಿಗೆ ಮೀಸಲಾದುದು, ಐ.ಟಿ.ಐ. ಓದಿದ ಫಿಟ್ಟರಿಗೆ ಅದು ದೊರೆಯದು. ಬ್ರಿಟನ್ ಸಹ 2025ರ ಜುಲೈಯಲ್ಲಿ ತನ್ನ ಕುಶಲ ಕೆಲಸಗಾರರ ವೀಸಾವನ್ನು ಮುಖ್ಯವಾಗಿ ಪದವಿಮಟ್ಟದ ಉದ್ಯೋಗಗಳಿಗೆ ಸೀಮಿತಗೊಳಿಸಿ, ಕೆಳಗಿನ ಹಂತದ ಕೆಲವೇ ಕಸುಬುಗಳಿಗೆ ತಾತ್ಕಾಲಿಕವಾಗಿ ಎಡೆಗೊಟ್ಟಿತು. ಈ ಎರಡು ಸಂಗತಿ ಗೊತ್ತಿದ್ದರೂ ಸಾಕು, ಎಷ್ಟೋ ಮನೆಗಳ ಹಣ ಉಳಿದೀತು.

ಈ ಹಾದಿಯಲ್ಲಿ ಗಡಿನಾಡಿನವರಾದ ನಮಗೆ ಮಾತ್ರ ಒದಗುವ ತೊಡಕೊಂದಿದೆ. ಅದು ಹೆಸರಿನ ತೊಡಕು. ಕನ್ನಡ ಶಾಲೆಯ ದಾಖಲೆಯಲ್ಲಿ ಹುಡುಗನು ಈರಣ್ಣ. ತೆಲುಗಿನ ಪಡಿತರ ಚೀಟಿಯಲ್ಲಿ ಅವನೇ ವೀರನ್ನ. ಇಂಗ್ಲಿಷಿನ ಆಧಾರ್ ಚೀಟಿಯಲ್ಲಿ ಬರೆದವನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ. ಮೇಲಾಗಿ ಆಂಧ್ರದ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲಿಗೆ ಬರುತ್ತದೆ; ಕರ್ನಾಟಕದಲ್ಲಿ ಓದಿದ್ದರೆ ತಂದೆಯ ಹೆಸರಿನ ಮೊದಲಕ್ಷರ ಕೊನೆಗೆ ಅಂಟಿಕೊಂಡಿರುತ್ತದೆ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಈರಣ್ಣನೆಂದರೂ ವೀರಣ್ಣನೆಂದರೂ ಓಗೊಡುವವನು ಒಬ್ಬನೇ. ಪರದೇಶದ ಅಧಿಕಾರಿಗೆ ಮಾತ್ರ ಅವರು ಮೂವರು ಬೇರೆ ಬೇರೆ ಮನುಷ್ಯರು. ಐ.ಟಿ.ಐ. ಪ್ರಮಾಣಪತ್ರದ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರ ತಪ್ಪಿದರೆ, ದೇಶಕ್ಕೆ ತಕ್ಕಂತೆ ಬೇಕಾಗುವ ಅಪೊಸ್ಟಿಲ್ ಮುದ್ರೆಯೋ ದೂತಾವಾಸದ ದೃಢೀಕರಣವೋ ಅಲ್ಲಿಗೇ ನಿಂತುಹೋಗಬಹುದು. ಆದ್ದರಿಂದ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವ ದಿನವೇ ತಂದೆತಾಯಿಗಳು ಹೆಸರಿನ ಕಾಗುಣಿತವನ್ನು ಒಂದೇ ರೂಪಕ್ಕೆ ತರಬೇಕು. ಆ ದಿನ ತಿದ್ದಲು ಖರ್ಚಿಲ್ಲ. ಆಮೇಲೆ ತಿದ್ದಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಎಮ್ಮಿಗನೂರಿನಿಂದ ಹೆದ್ದಾರಿ ಮಂತ್ರಾಲಯಕ್ಕೆ ಕರೆದೊಯ್ಯುತ್ತದೆ. ತುಂಗಭದ್ರೆಯ ದಂಡೆಯ ಈ ಕ್ಷೇತ್ರದ ಹಳೆಯ ಹೆಸರು ಮಂಚಾಲೆ. 1671ರಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಇಲ್ಲಿ ವೃಂದಾವನಸ್ಥರಾದರು. ಈ ಸ್ಥಳವು ಮಠಕ್ಕೆ ದೊರೆತುದರ ಹಿಂದೆ ದಿವಾನ್ ವೆಂಕಣ್ಣನ ಐತಿಹ್ಯವಿದೆ. ಅಕ್ಷರವರಿಯದ ಅನಾಥ ಹುಡುಗ ವೆಂಕಣ್ಣನ ಕೈಗೆ ಆದವಾನಿಯ ನವಾಬನು ಪತ್ರವೊಂದನ್ನು ಕೊಟ್ಟು ಓದೆಂದು ಗದರಿಸಿದನಂತೆ. ಹುಡುಗನು ಗುರುಗಳನ್ನು ನೆನೆದನು, ಅಕ್ಷರಗಳು ಒಲಿದವು. ಪತ್ರದಲ್ಲಿ ಶುಭವಾರ್ತೆಯಿತ್ತು, ನವಾಬನು ಮೆಚ್ಚಿ ಅವನನ್ನು ದಿವಾನನಾಗಿ ಮಾಡಿದನು. ಕಾಗದವನ್ನು ಓದಬಲ್ಲವನಿಗೆ ಏಳ್ಗೆಯಿದೆಯೆಂಬುದನ್ನು ಈ ಸೀಮೆಯ ಜನ ಮೂರು ಶತಮಾನಗಳಿಂದಲೂ ಮಕ್ಕಳಿಗೆ ಕಥೆಯಾಗಿ ಹೇಳುತ್ತ ಬಂದಿದ್ದಾರೆ.

ನಮ್ಮ ಹುಡುಗರ ಕೈಗೆ ಬರುವ ಕರಾರುಪತ್ರವೂ ಅರಿಯದ ಲಿಪಿಯಲ್ಲಿರುತ್ತದೆ: ಅರಬ್ಬಿ, ಇಲ್ಲವೆ ಇಂಗ್ಲಿಷ್. ಅದನ್ನು ಓದಬಲ್ಲವರಿಂದ, ಊರಿನ ಮೇಷ್ಟ್ರಿಂದಲೋ ಬ್ಯಾಂಕಿನ ಅಧಿಕಾರಿಯಿಂದಲೋ, ಸಾಲುಸಾಲಾಗಿ ಓದಿಸಿಕೊಳ್ಳದೆ ಸಹಿ ಹಾಕಬಾರದು. ಮಾಲೀಕನ ಹೆಸರೂ ವಿಳಾಸವೂ ಇದೆಯೆ? ಕಸುಬಿನ ಹೆಸರು ‘ಪೈಪ್ ಫಿಟ್ಟರ್’ ಎಂದಿದೆಯೋ, ಬರಿಯ ‘ಲೇಬರ್’ ಎಂದಿದೆಯೋ? ಮೂಲವೇತನವೆಷ್ಟು, ಹೆಚ್ಚಿನ ಗಂಟೆಗೆ ಎಷ್ಟು? ವಾಸ, ಊಟ, ಔಷಧ ಯಾರ ಖರ್ಚು? ಮರಳಿ ಬರುವ ಟಿಕೇಟು ಯಾರದು? ಕರಾರು ಎಷ್ಟು ವರ್ಷದ್ದು? ಈ ಆರು ಪ್ರಶ್ನೆಗಳಿಗೆ ಕಾಗದವೇ ಉತ್ತರ ಹೇಳಬೇಕು, ಏಜೆಂಟನ ಬಾಯಲ್ಲ. ಪತ್ರದ ಒಂದು ಪ್ರತಿ ಮನೆಯಲ್ಲಿ, ಹೆಂಡತಿಯ ಅಥವಾ ತಾಯಿಯ ಪೆಟ್ಟಿಗೆಯಲ್ಲಿ ಇರಬೇಕು. ತೊಂದರೆಯಾದಾಗ ಮೊದಲು ಓಡಾಡಬೇಕಾದವರು ಅವರೇ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 11 3090 ಅನ್ನು ಅದೇ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟು ಎಚ್ಚರಿಕೆ ಏಕೆ ಎಂದು ಕೇಳುವವರು 2024ನೆಯ ವರ್ಷವನ್ನು ನೆನೆಯಲಿ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಕೆಲವು ಯುವಕರು ಭದ್ರತಾ ಕೆಲಸವೆಂದು ನಂಬಿ ರಷ್ಯಕ್ಕೆ ಹೋಗಿ, ಯುದ್ಧರಂಗದ ಬಾಯಿಗೆ ಬಿದ್ದರು. ತಿಂಗಳುಗಳ ಕಾಲ ಅವರ ಮನೆಗಳಲ್ಲಿ ಒಲೆ ಉರಿದರೂ ಊಟ ರುಚಿಸಲಿಲ್ಲ. ಅವರು ಹೈದರಾಬಾದಿಗೆ ಮರಳಿದುದು ಸೆಪ್ಟೆಂಬರಿನಲ್ಲಿ. ಅದೇ ವರ್ಷ ಜೂನ್ 12ರಂದು ಕುವೈತಿನ ಮಂಗಾಫ್ ಎಂಬಲ್ಲಿ ಕೆಲಸಗಾರರ ವಸತಿಗೃಹಕ್ಕೆ ಬೆಂಕಿ ತಗುಲಿತು. 45 ಭಾರತೀಯರ ಪಾರ್ಥಿವ ಶರೀರಗಳನ್ನು ಹೊತ್ತ ವಾಯುಪಡೆಯ ವಿಮಾನ ಕೊಚ್ಚಿಯಲ್ಲಿ ಇಳಿಯಿತು. ಮಡಿದವರಲ್ಲಿ ಹಲವರು ಸರಿಯಾದ ಕಾಗದಪತ್ರಗಳೊಡನೆಯೇ ಹೋದವರು. ಕಾಗದವು ವಿಧಿಯನ್ನು ತಡೆಯಲಾರದು. ಆದರೆ ಹಿಂದುಳಿದ ಕುಟುಂಬಕ್ಕೆ ವಿಮೆಯ ಹಣವಾಗಲಿ ಪರಿಹಾರವಾಗಲಿ ದೊರೆಯುವುದು ಕಾಗದವಿದ್ದಾಗ ಮಾತ್ರ.

ಇನ್ನು ಕೈಯ ವಿದ್ಯೆಯ ಮಾತು. ಫಿಟ್ಟರ್, ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ವೆಲ್ಡರಿನದು ಒಂದು ವರ್ಷ. ಅದು ಮುಗಿದೊಡನೆ ವಿಮಾನದ ಕನಸು ಕಾಣುವುದು ಸಹಜವಾದರೂ ಹಿತವಲ್ಲ. ಕೊಲ್ಲಿಯ ತೈಲ ಸ್ಥಾವರಗಳ ಜಾಹೀರಾತುಗಳಲ್ಲಿ ‘ಸಿಕ್ಸ್ ಜಿ ವೆಲ್ಡರ್ ಬೇಕು’ ಎಂದಿರುತ್ತದೆ. ನಲವತ್ತೈದು ಡಿಗ್ರಿ ಓರೆಯಾಗಿ ಬಿಗಿದ ಕೊಳವೆಯನ್ನು ತಿರುಗಿಸದೆಯೇ ಸುತ್ತಲೂ ಬೆಸೆಯಬಲ್ಲವನೆಂದು ಅದರ ಅರ್ಥ. ಅದು ವರ್ಷಗಳ ಅಭ್ಯಾಸದಿಂದ ಮಾತ್ರ ಬರುವಂತಹುದು. ಆ ಅಭ್ಯಾಸಕ್ಕೆ ನಮ್ಮ ಸುತ್ತಲೇ ಜಾಗವಿದೆ. ಬಳ್ಳಾರಿಯ ಆಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಹೊಸಪೇಟೆಯಲ್ಲಿ ಕರ್ನಾಟಕ ಸರಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಮಂತ್ರಾಲಯದಿಂದ ಹೊಳೆ ದಾಟಿ ರಾಯಚೂರಿನ ಕಡೆಗೆ ಹೋದರೆ 1985ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಇಂತಹ ಕಡೆಗಳಲ್ಲಿ ಶಿಶಿಕ್ಷುವಾಗಿ ಸೇರಿ, ಆ ಬಳಿಕ ಒಂದೆರಡು ವರ್ಷ ದುಡಿದು ಅನುಭವಪತ್ರ ಪಡೆದವನ ಮಾತಿಗೆ ಹೊರದೇಶದ ಪರೀಕ್ಷಕನ ಮುಂದೆ ಬೆಲೆ ಬೇರೆ. ಎಷ್ಟೋ ಜನ ಅಷ್ಟರಲ್ಲಿ ಇಲ್ಲಿಯೇ ನೆಲೆಯೂರಿ, ಹೋಗುವ ಆಸೆಯನ್ನೇ ಬಿಟ್ಟಾರು. ಅದೂ ನಷ್ಟವಲ್ಲ.

ಪರದೇಶಕ್ಕೆ ಹೋಗಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೋಸಿಗಿಯಲ್ಲಿ ಬೀಗ ಬಿದ್ದ ಬಾಗಿಲುಗಳನ್ನು ಕಂಡವರು ಹಾಗೆ ಹೇಳಲಾರರು. ಮೆಣಸಿನ ಹೊಲಕ್ಕೆ ಇಡೀ ಕುಟುಂಬ ಹೋಗುವುದಕ್ಕಿಂತ, ಕಸುಬು ಕಲಿತ ಮಗನೊಬ್ಬನು ಕಾರ್ಖಾನೆಗೆ ಹೋಗಿ, ತಿಂಗಳು ತಿಂಗಳೂ ಬ್ಯಾಂಕಿನ ಮೂಲಕ ಹಣ ಕಳುಹಿಸಿ, ತಮ್ಮ ತಂಗಿಯರನ್ನು ಶಾಲೆಯ ಬೆಂಚಿನ ಮೇಲೆ ಉಳಿಸುವುದು ಮೇಲು. ಆದರೆ ಅವನು ಗುಂಪಿನಲ್ಲೊಂದು ತಲೆಯಾಗಿ ಹೋಗದೆ, ಹೆಸರೂ ಕಸುಬೂ ಉಳ್ಳ ಮನುಷ್ಯನಾಗಿ ಹೋಗಲಿ. ಹಬ್ಬಕ್ಕೆ ಊರಿಗೆ ಬಂದ ಮಕ್ಕಳು ಪರದೇಶದ ಮಾತನ್ನೆತ್ತಿದರೆ ಹಿರಿಯರು ಗದರಿಸಬೇಕಾಗಿಲ್ಲ, ಹಿಗ್ಗಿ ಹೊಲದ ಕಾಗದವನ್ನು ತೆಗೆದುಕೊಡಬೇಕಾಗಿಯೂ ಇಲ್ಲ. ಏಜೆಂಟನ ನೋಂದಣಿ ಸಂಖ್ಯೆ, ಮಾಲೀಕನ ಹೆಸರು, ಕರಾರಿನ ಪ್ರತಿ ಈ ಮೂರನ್ನು ಕೇಳಲಿ. ಮೂರೂ ಕೈಗೆ ಬಂದ ದಿನ ಮುಂದಿನ ಮಾತು ಆಡೋಣವೆನ್ನಲಿ; ಬಾರದಿದ್ದರೆ ಆ ಮಾತನ್ನು ಅಲ್ಲಿಗೇ ಬಿಡಲಿ.